ಜಾತ್ರೆ ಮುಗಿದ ಮೇಲಿನ ಬೇಟೆ

ಕ್ರಿಸ್‌ಮಸ್ ಮರುದಿನ ಅಮೆರಿಕದ ಸಭ್ಯ ಗೃಹಸ್ಥರು ಏನು ಮಾಡುತ್ತಾರೆ? ಮಿಕ್ಕ ಕೇಕು ಮುಗಿಸುತ್ತಾರೆ, ಅಳತೆಗೆ ಬಾರದ ಉಡುಗೊರೆ ಅಂಗಿಯನ್ನು ಅಂಗಡಿಗೆ ವಾಪಸ್ ಒಯ್ಯುತ್ತಾರೆ, ಬಂದ ನೆಂಟರು ಯಾವಾಗ ಹೊರಡುತ್ತಾರೋ ಎಂದು ಬಾಗಿಲು ನೋಡುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಮಾತ್ರ ಇನ್ನೊಂದು ಬಗೆಯ ಗೃಹಸ್ಥ ಸಿಗುತ್ತಾನೆ. ಡಿಸೆಂಬರ್ 26ರ ಬೆಳಗಿನ ಜಾವ, ಮೂಗು ತನ್ನದೋ ಪರರದೋ ತಿಳಿಯದ ಚಳಿಯಲ್ಲಿ, ಟಿಪ್ಪು ಸುಲ್ತಾನನ ಕಾಲದ ಮಾದರಿಯ ಚಕಮಕಿ ಕೋವಿಯನ್ನು ಹೆಗಲಿಗೇರಿಸಿ ಜಿಂಕೆ ಹೊಡೆಯಲು ಕಾಡಿಗೆ ಹೊರಡುವವನು.

ಟಿಪ್ಪು ಕಾಲದ್ದು ಎಂದದ್ದು ಉಪ್ಪು ಖಾರ ಹಚ್ಚಿ ಅಲ್ಲ, ಕಾಯಿದೆಯೇ ಹಾಗಿದೆ. ಈ ಕೊನೆಯ ಬೇಟೆ ಸೀಸನ್ನಿನ ಕೋವಿ 1800ಕ್ಕೂ ಹಿಂದೆ ತಯಾರಾಗುತ್ತಿದ್ದ ನಮೂನೆಯದಾಗಿರಬೇಕು; ಒಂದೇ ನಳಿಗೆ, ಮದ್ದು ಗುಂಡು ಬಾಯಿಂದಲೇ ತುಂಬಬೇಕು, ಕಿಡಿ ಕಲ್ಲಿನಿಂದಲೇ ಹಾರಬೇಕು. ಟಿಪ್ಪು ಮಡಿದದ್ದು 1799ರಲ್ಲಿ. ಲೆಕ್ಕ ಸರಿಹೋಯಿತಲ್ಲ? ನಮ್ಮ ಮಲೆನಾಡಿನ ಅಜ್ಜಂದಿರ ಕೇಪಿನ ಕೋವಿಯನ್ನು ಅಲ್ಲಿಗೆ ಒಯ್ದರೆ, ‘ಇದು ತೀರಾ ಆಧುನಿಕವಾಯಿತು ಸ್ವಾಮಿ’ ಎಂದು ತಡೆದಾರು! ಚಂದ್ರನ ಮೇಲೆ ಕಾಲಿಟ್ಟ ದೇಶ, ಅದಾದ ಐದು ವರ್ಷಕ್ಕೆ, 1974ರಲ್ಲಿ, ಈ ಚಕಮಕಿ ಸೀಸನ್ನನ್ನು ಶುರುಮಾಡಿತು.

ಅಸಲಿ ಜಾತ್ರೆ ಇದಲ್ಲ ಬಿಡಿ. ಅದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆನ್ನಿಗೇ ನಡೆದುಹೋಗಿರುತ್ತದೆ. ಹಬ್ಬದ ನಂತರದ ಸೋಮವಾರವೇ ರೈಫಲ್ ಬೇಟೆಯ ಮೊದಲ ದಿನ ಎಂಬುದು 1963ರಿಂದ ನಡೆದು ಬಂದಿದ್ದ ಪದ್ಧತಿ. ಅಂದು ಎಷ್ಟೋ ಶಾಲೆಗಳಿಗೆ ರಜೆ. ಕೊಟ್ಟರೂ ಬಿಟ್ಟರೂ ಮಕ್ಕಳು ಬರುವವರಲ್ಲ, ಮೇಷ್ಟ್ರೂ ಬರುವವರಲ್ಲ. 2019ರಲ್ಲಿ ಅದನ್ನು ಶನಿವಾರಕ್ಕೆ ಹಾಕಿದಾಗ ಹಳಬರು ಪಂಚಾಂಗವೇ ಕೆಟ್ಟಿತೆಂದು ಗೊಣಗಿದರು. ಆ ದಿನಗಳಲ್ಲಿ ಕಾಡಿಗೆ ಕಾಡೇ ಕಿತ್ತಳೆ ಬಣ್ಣ. ಬೇಟೆಗಾರರು ಒಬ್ಬರನ್ನೊಬ್ಬರು ಸುಟ್ಟುಕೊಳ್ಳದಿರಲಿ ಎಂದು ಕಣ್ಣು ಕುಕ್ಕುವ ಕಿತ್ತಳೆ ಅಂಗಿ ಕಡ್ಡಾಯ. ತಮಾಷೆಯೆಂದರೆ ಜಿಂಕೆಗೆ ಕೆಂಪು, ಕಿತ್ತಳೆ, ಹಸಿರುಗಳ ವ್ಯತ್ಯಾಸ ಅಷ್ಟಾಗಿ ತಿಳಿಯದು. ಚೆನ್ನಾಗಿ ಕಾಣುವುದು ನೀಲಿ. ಕಿತ್ತಳೆ ಅಂಗಿ ತೊಟ್ಟ ಪುಣ್ಯಾತ್ಮ ಕೆಳಗೆ ನೀಲಿ ಜೀನ್ಸ್ ಹಾಕಿ ಬಂದರೆ, ಮನುಷ್ಯರಿಂದ ಬಚಾವಾದ, ಜಿಂಕೆಗೆ ಸಿಕ್ಕಿಬಿದ್ದ.

ಈ ಗದ್ದಲವೆಲ್ಲ ಮುಗಿದು, ಬುದ್ಧಿ ಇದ್ದವರು ಬಂದೂಕಿಗೆ ಎಣ್ಣೆ ಸವರಿ ಬೀರುವಿಗೆ ಇಟ್ಟ ಮೇಲೆ ನಮ್ಮ ಚಕಮಕಿ ವೀರನ ಪ್ರವೇಶ. ಆ ಹೊತ್ತಿಗೆ ಬದುಕಿ ಉಳಿದ ಬಿಳಿಬಾಲದ ಜಿಂಕೆ ಅಂತಿಂಥ ಜಿಂಕೆಯಲ್ಲ. ಅಕ್ಟೋಬರಿನಲ್ಲಿ ಬಾಣ ನೋಡಿದೆ, ಡಿಸೆಂಬರಿನಲ್ಲಿ ಗುಂಡು ನೋಡಿದೆ, ಪಿಕಪ್ ಗಾಡಿಯ ಬಾಗಿಲು ಹಾಕಿದ ಸದ್ದಿಗೇ ಬೆಟ್ಟದ ಆಚೆ ಬದಿಗೆ ಇಳಿದಿರುತ್ತದೆ. ನವೆಂಬರ್ ಬೆದೆಗಾಲದಲ್ಲಾದರೆ ಗಂಡಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಅದನ್ನು ಮರುಳು ಮಾಡಲು ಹೆಣ್ಣು ಜಿಂಕೆಯ ಮೂತ್ರವನ್ನು ಸೀಸೆಯಲ್ಲಿ ತುಂಬಿ ಮಾರುತ್ತಾರೆ. ಮರ್ಯಾದಸ್ಥರು ಕ್ಯೂ ನಿಂತು ಕೊಳ್ಳುತ್ತಾರೆ. ವರ್ಷದ ಕೊನೆಗೆ ಆ ಸೀಸೆ ತೆರೆದರೆ ಗಂಡು ತಿರುಗಿಯೂ ನೋಡುವುದು ಕಷ್ಟ. ಪ್ರೇಮಪ್ರಕರಣದಲ್ಲಿ ಮೈಯಿಳಿದ ಪ್ರಾಣಿಗೆ ಈಗ ಹೊಟ್ಟೆಯದೇ ಚಿಂತೆ: ಹಿಮ ಕೆದಕಿದರೆ ಓಕ್ ಬೀಜ ಸಿಕ್ಕೀತೇ, ಕೊಯ್ದ ಹೊಲದಲ್ಲಿ ನಾಲ್ಕು ಮೆಕ್ಕೆಜೋಳ ಉಳಿದಾವೇ. ಇಷ್ಟು ಸಾಲದೆಂಬಂತೆ, ಸೀಸನ್ ಜನವರಿಗೆ ಕಾಲಿಡುವಾಗ ಕೆಲವು ಗಂಡುಗಳ ಕೊಂಬೇ ಉದುರಿರುತ್ತದೆ. ಗೋಡೆಗೆ ತೂಗುಹಾಕಲು ಹನ್ನೆರಡು ಕವಲಿನ ಕೊಂಬು ಬೇಕೆಂದು ಕೂತವನ ಮುಂದೆಯೇ ಆ ಮಹಾರಾಜ ಬೋಳುತಲೆಯಲ್ಲಿ ಹಾದುಹೋಗುತ್ತಾನೆ.

ಸರಿ, ಪುಣ್ಯಕ್ಕೆ ಒಂದು ಜಿಂಕೆ ಎದುರಿಗೇ ಬಂದು ನಿಂತಿತೆನ್ನಿ. ಕುದುರೆ ಎಳೆದಾಗ ಕಲ್ಲು ಉಕ್ಕಿಗೆ ಬಡಿಯಬೇಕು, ಕಿಡಿ ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ಬೀಳಬೇಕು, ಅದು ಭಗ್ಗೆಂದು, ಉರಿ ಸಣ್ಣ ತೂತಿನ ಮೂಲಕ ನಳಿಗೆಯೊಳಗೆ ಹೋಗಿ, ಅಲ್ಲಿನ ಮದ್ದು ಒಪ್ಪಿದರೆ ಢಂ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ನಿಜ. ಆದರೆ ಮುಖದ ಮುಂದೆಯೇ ಬೆಂಕಿ ಎದ್ದಾಗ ಗುರಿ ಅಲುಗಾಡದವನು ಯೋಗಿಯೇ ಸರಿ. ಹಿಮ ಬೀಳುವ ದಿನವಂತೂ ಬಟ್ಟಲಿನ ಮದ್ದು ಹಸಿ ಸೌದೆಯ ಒಲೆಯಂತೆ ಮುನಿಸಿಕೊಳ್ಳುತ್ತದೆ. ಅದಕ್ಕೆಂದೇ ಕೊಬ್ಬು ಸವರಿದ ತೊಗಲಿನ ತುಂಡೊಂದನ್ನು ಅದರ ಮೇಲೆ ಹೊದಿಸಿ ಕಟ್ಟುತ್ತಾರೆ. ಮನೆಯಲ್ಲಿ ಹೆಂಡತಿ ಹೊದಿಕೆ ಎಳೆದುಕೊಂಡಿದ್ದಾಳೆ, ಕಾಡಿನಲ್ಲಿ ಕೋವಿ ಹೊದ್ದುಕೊಂಡಿದೆ, ಇವನೊಬ್ಬನೇ ಗಡಗಡ.

ನಗಬೇಡಿ, ನಮ್ಮಲ್ಲೂ ಮರಸು ಕೂತು ರಾತ್ರಿಯಿಡೀ ಸೊಳ್ಳೆಗೆ ರಕ್ತದಾನ ಮಾಡಿ ಬಂದವರಿದ್ದರು. 1972ರ ವನ್ಯಜೀವಿ ಕಾಯಿದೆ ಬಂದು ಅವರ ಕೋವಿಯ ಬಾಯಿ ಮುಚ್ಚಿತು. ಅವರ ಬಾಯಿ ಮುಚ್ಚುವ ಕಾಯಿದೆ ಬರಲಿಲ್ಲ, ಹಾಗಾಗಿ ಶಿಕಾರಿ ಕತೆಗಳಲ್ಲಿ ಹುಲಿಗಳು ವರ್ಷ ವರ್ಷವೂ ಉದ್ದವಾದವು. ಅಲ್ಲಿಯ ಕತೆ ಬೇರೆ. ಅಮೆರಿಕದಲ್ಲಿ 1900ರ ಹೊತ್ತಿಗೆ ಅಂದಾಜು ಐದು ಲಕ್ಷಕ್ಕೆ ಇಳಿದಿದ್ದ ಈ ಜಿಂಕೆಗಳು ಈಗ ಸುಮಾರು ಮೂರು ಕೋಟಿ. ತಿನ್ನುವ ತೋಳ, ಪೂಮಾಗಳನ್ನು ಬಹುಪಾಲು ಕಡೆ ಮನುಷ್ಯನೇ ಮುಗಿಸಿದ್ದಾನೆ. ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಕಾರುಗಳಿಗೆ ಜಿಂಕೆ ಡಿಕ್ಕಿ. ಹೀಗಾಗಿ ಸರ್ಕಾರವೇ ‘ಹೋಗಿ ಹೊಡೆಯಿರಪ್ಪಾ’ ಎನ್ನುತ್ತದೆ. 1937ರ ಕಾಯಿದೆಯಂತೆ ಬೇಟೆಯ ಬಂದೂಕು, ತೋಟಾಗಳ ಮೇಲೆ ವಸೂಲಾಗುವ ಶೇ. 11ರ ತೆರಿಗೆ ವನ್ಯಜೀವಿಗಳ ಯೋಗಕ್ಷೇಮಕ್ಕೇ ಹೋಗುತ್ತದೆ. ಅಂದರೆ ಗುರಿ ತಪ್ಪಿದವನೇ ಜಿಂಕೆಕುಲದ ಮಹಾಪೋಷಕ: ಹಣವನ್ನೂ ಕೊಟ್ಟ, ಪ್ರಾಣವನ್ನೂ ಬಿಟ್ಟುಕೊಟ್ಟ.

ಪೋಷಣೆ ಇಲ್ಲಿಗೇ ನಿಲ್ಲುವುದಿಲ್ಲ. ಪೆನ್ಸಿಲ್ವೇನಿಯಾದ ಬಹುಭಾಗದಲ್ಲಿ ಬೇಟೆಗೆಂದು ಜೋಳ ಸುರಿದಿಟ್ಟರೆ ಅಪರಾಧ, ಬೆಳೆದಿಟ್ಟರೆ ಕೃಷಿ. ಆದ್ದರಿಂದ ಜಮೀನಿದ್ದ ಬೇಟೆಗಾರ ಜಿಂಕೆಗಾಗಿ ಬೇಸಾಯಕ್ಕೆ ಇಳಿಯುತ್ತಾನೆ. ಹಿಮ ಬಿದ್ದ ಮೇಲೆ ಸಿಹಿಯಾಗುತ್ತದೆಂದು ಟರ್ನಿಪ್ಪು, ಮೂಲಂಗಿ. ಬೇಸಿಗೆಗೆ? ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ: ಅವರೆ! ಹೌದು, ನಮ್ಮ ಅವರೆಕಾಯಿಯ ಬಳ್ಳಿಯೇ. ಅಮೆರಿಕದಲ್ಲಿ ಜಿಂಕೆಯ ಮೇವೆಂದೇ ಅದರ ಬೀಜ ಚೀಲಗಟ್ಟಲೆ ಮಾರಾಟವಾಗುತ್ತದೆ. ಬೆಂಗಳೂರಿನಲ್ಲಿ ಮೇಳ ಮಾಡಿ, ಹಿತಕಿ, ಸಾರು ಮಾಡಿ, ದೋಸೆಗೂ ಬೆರೆಸುವ ಅವರೆಯನ್ನು ಜಿಂಕೆ ಅಲ್ಲಿ ಎಲೆಸಮೇತ, ಹಿತಕದೆ, ಒಗ್ಗರಣೆಯಿಲ್ಲದೆ ಮೇಯುತ್ತದೆ.

ಈಗ ಪಿಟ್ಸ್‌ಬರ್ಗಿನ ಹೊರವಲಯದ ಕನ್ನಡ ಮನೆಯನ್ನು ನೆನೆಯಿರಿ. ಊರಿಂದ ಬಂದ ಅಮ್ಮ ಹಿತ್ತಲಲ್ಲಿ ಅವರೆ ಹಾಕಿ, ಬಲೆ ಕಟ್ಟಿ, ಅಳಿಯನ ಹಳೇ ಸಿಡಿ ತೂಗುಹಾಕಿ ಕಾಯುತ್ತಾರೆ. ಬೆಳಗಾಗುವಷ್ಟರಲ್ಲಿ ಬಲೆ ಉಳಿದಿದೆ, ಸಿಡಿ ಉಳಿದಿದೆ. ಹುಟ್ಟಾ ಸಸ್ಯಾಹಾರಿಯಾದ ಆ ತಾಯಿಯೇ ಆಗ ನೆರೆಮನೆಯ ಬೇಟೆಗಾರನಿಗೆ ಕಾಫಿ ಕೊಟ್ಟು, ‘ನಿಮ್ಮ ಕೈಗೆ ಒಳ್ಳೆಯ ಗುರಿ ಬರಲಪ್ಪಾ’ ಎಂದು ಹರಸುವುದು. ಅವನೋ ದುಡ್ಡು ಸುರಿದು ದೂರದ ಬೆಟ್ಟದಲ್ಲಿ ಅದೇ ಅವರೆ ಬೆಳೆದಿದ್ದಾನೆ, ಅಲ್ಲಿಗೆ ಒಂದು ಜಿಂಕೆಯೂ ಸುಳಿದಿಲ್ಲ. ಪರಿಹಾರ ಸುಲಭ ಎಂದಿರಾ? ಚಕಮಕಿ ಕೋವಿ ತಂದು ಅಮ್ಮನ ಹಿತ್ತಲಲ್ಲೇ ಕೂತರಾಯಿತಲ್ಲ? ಆಗದು ಸ್ವಾಮಿ. ಜನ ವಾಸವಿರುವ ಮನೆಯ ಸುತ್ತ 150 ಗಜದೊಳಗೆ, ಮನೆಯವರು ಒಪ್ಪದ ಹೊರತು, ಗುಂಡು ಹಾರಿಸುವಂತಿಲ್ಲ. ಅಮ್ಮ ಒಪ್ಪಿಯಾರು; ಎಡಮನೆಯವರು, ಬಲಮನೆಯವರು, ಎದುರುಮನೆಯ ನಾಯಿಪ್ರಿಯರು ಒಪ್ಪಬೇಕಲ್ಲ! ಆ ಕಾಯಿದೆಯನ್ನು ಸಾಲು ಸಾಲಾಗಿ ಓದಿ ಮನನ ಮಾಡಿದವರಲ್ಲಿ ಬೇಟೆಗಾರನದು ಎರಡನೆಯ ಸ್ಥಾನ.