ಕ್ಯಾಮೆರಾದ ಕೆಳಗೆ ಗೋಳಿಬಜೆ

(ಉರ್ವ ಮಾರ್ಕೆಟ್ ಹತ್ತಿರದ ಹೋಟೆಲು)

ಶೆಟ್ರು: ಕಂಬಕ್ಕೆ ಕ್ಯಾಮೆರಾ ಹಾಕಿದ್ದಾರೆ ಭಟ್ರೇ. ನಾನು ತಿಂದ ಗೋಳಿಬಜೆಯ ಲೆಕ್ಕ ಸರ್ಕಾರದ ಹತ್ರ ಉಂಟು. ಹೆಂಡತಿಗೆ ಹೇಳದಿದ್ರೆ ಸಾಕು.

ಭಟ್ರು: ಹೆದರ್ಬೇಡಿ ಮಾರಾಯ್ರೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳು ಹೇಳಿದ್ದಾರೆ. ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜು ಪುಟ್ಟಸ್ವಾಮಿಯವರು.

ಶೆಟ್ರು: ಚರಂಡಿ ಬಿಲ್ಲು ಪಾಸು ಮಾಡಿದ್ದು ಯಾರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ‘ವೈಯಕ್ತಿಕ ಮಾಹಿತಿ’ ಅಂತ ಅರ್ಜಿ ವಾಪಸ್!

ಭಟ್ರು: ನೋಡಿ, ಹಕ್ಕು ಸಿಕ್ಕಿತಲ್ಲ, ಆಫೀಸರಿಗೆ! 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಮಾಹಿತಿ ಹಕ್ಕಿನ ‘ವೈಯಕ್ತಿಕ ಮಾಹಿತಿ’ ಕಲಮನ್ನೇ ತಿದ್ದಿದ್ದಾರೆ. ಸರ್ಕಾರ ತನಗೆ ಬೇಕಾದ ಸಂಸ್ಥೆಗೆ ಅದೇ ಕಾಯ್ದೆಯಿಂದ ವಿನಾಯ್ತಿಯನ್ನೂ ಕೊಡಬಹುದು.

ಶೆಟ್ರು: ಹಿಂದೆ ಹೀಗಿರಲಿಲ್ಲ ಭಟ್ರೇ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಫೋನ್ ಕದ್ದಾಲಿಕೆ ಆರೋಪಕ್ಕೇ ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದರು.

ಭಟ್ರು: ಈಗ ಕದ್ದು ಕೇಳಿದ್ದು ಯಾರು ಅಂತ ಕೇಳಿ ನೋಡಿ. ಅದೂ ವೈಯಕ್ತಿಕ!