ಶುಲ್ಕವಿಲ್ಲದ ಶಿಬಿರ: ವಿಶ್ವೇಶ್ವರಯ್ಯ ನಾಲೆಯೊಂದಿಗೆ ಒಂದು ಕಾಲ್ಪನಿಕ ಸಂದರ್ಶನ

ಏಪ್ರಿಲ್ ಎರಡನೆಯ ವಾರದಲ್ಲಿ ಮುಚ್ಚಿದ ಶಾಲೆಗಳು ಮೇ ಕೊನೆಯಲ್ಲಿ ಮತ್ತೆ ತೆರೆಯುವವರೆಗಿನ ದಿನಗಳನ್ನು ಮಕ್ಕಳೊಡನೆ ಮೋಜಿನಿಂದಲೂ ಅರ್ಥಪೂರ್ಣವಾಗಿಯೂ ಕಳೆಯುವ ಬಗೆ ಹೇಗೆಂದು ಪಾಲಕರಿಗೆ ಉಪದೇಶಿಸುವ ತಜ್ಞರ ಸಂಖ್ಯೆ ಈಚೆಗೆ ಬಹಳ ಹೆಚ್ಚಿದೆ. ಅಬಾಕಸ್, ವೇದಗಣಿತ, ಕರಾಟೆ, ಕೀಬೋರ್ಡು ಮತ್ತು ವ್ಯಕ್ತಿತ್ವ ವಿಕಸನವೆಂಬ ಐದು ಅಂಗಗಳುಳ್ಳ ಬೇಸಿಗೆ ಶಿಬಿರಗಳ ಬ್ಯಾನರುಗಳು ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ವಿದ್ಯುತ್ ಕಂಬಗಳನ್ನು ಆವರಿಸಿಕೊಂಡಿರುವಾಗಲೂ, ಶುಲ್ಕವಿಲ್ಲದೆ, ಅರ್ಜಿಯಿಲ್ಲದೆ, ಬೋಧಕರಿಲ್ಲದೆ ತಲೆಮಾರುಗಳಿಂದ ನಡೆದುಬಂದಿರುವ ಶಿಬಿರವೊಂದರ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ. ಆ ಕೊರತೆಯನ್ನು ನೀಗಿಸುವ ಉದ್ದೇಶದಿಂದ, ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಟು ಮಂಡ್ಯ ಜಿಲ್ಲೆಯ ಕಬ್ಬು ಭತ್ತಗಳಿಗೆ ನೀರುಣಿಸುವ, ಜನರ ಬಾಯಲ್ಲಿ ವಿ.ಸಿ. ನಾಲೆ ಎನಿಸಿಕೊಂಡಿರುವ ವಿಶ್ವೇಶ್ವರಯ್ಯ ನಾಲೆಯನ್ನು ಪಾಂಡವಪುರ ತಾಲ್ಲೂಕಿನ ಏರಿಯೊಂದರ ಮೇಲೆ ಸಂದರ್ಶಿಸಲಾಯಿತು. ಹುಟ್ಟಿದಂದಿನಿಂದ ಸರ್ಕಾರಿ ಕಡತಗಳ ನಡುವೆಯೇ ಬೆಳೆದುದರಿಂದ ಅದು ತನ್ನನ್ನು ತಾನು 'ಸದರಿ ನಾಲೆ' ಎಂದೇ ಕರೆದುಕೊಳ್ಳುತ್ತದೆ.

ಪ್ರಶ್ನೆ: ಮಕ್ಕಳ ಬೇಸಿಗೆ ರಜೆಯನ್ನು ಯೋಜಿಸುವ ಪಾಲಕರಿಗೆ ತಾವು ಕೊಡುವ ಮೊದಲ ಸಲಹೆ ಯಾವುದು?

ನಾಲೆ: ಬೃಂದಾವನಕ್ಕೆ ಕರೆದೊಯ್ಯದಿರುವುದು. ಒಂದೇ ಅಣೆಕಟ್ಟೆಯ ಮಗ್ಗುಲಲ್ಲಿ, ಒಂದೇ ಕಾವೇರಿಯ ನೀರು ಕುಡಿದು ಬೆಳೆದ ಆ ಉದ್ಯಾನಕ್ಕೆ ಬಣ್ಣದ ದೀಪ, ಸಂಗೀತದ ಕಾರಂಜಿ, ಪ್ರವೇಶ ಟಿಕೆಟ್ಟು, ಸಿನಿಮಾ ಹಾಡುಗಳ ಕೀರ್ತಿ ಎಲ್ಲವೂ ದೊರೆತಿವೆ. ಹುಲಿಕೆರೆಯ ಬಳಿ ಸುಮಾರು 2.8 ಕಿಲೋಮೀಟರ್ ಉದ್ದದ ಸುರಂಗವನ್ನು ಹಾದುಬರುವ ಸದರಿ ನಾಲೆಗೆ ದೊರೆತಿರುವುದು ಹರಿದ ಚಾಪೆ, ಮದುವೆಮನೆಯ ಎಲೆ ಮತ್ತು ಸತ್ತ ಕೋಳಿ. ಆ ಸುರಂಗ ಎಲ್ಲಿದೆಯೆಂದು ಕಾರಂಜಿ ನೋಡಿ ಹಿಂದಿರುಗುವ ಒಂದು ಮಗುವನ್ನಾದರೂ ಕೇಳಿ ನೋಡಬಹುದು.

ಪ್ರಶ್ನೆ: ರಜೆಯ ವಿಷಯಕ್ಕೆ ಬರುವುದಾದರೆ, ಮಕ್ಕಳನ್ನು ಹೊಸಹೊಳಲಿಗೆ ಕರೆದೊಯ್ಯುವುದು ಉಚಿತವಲ್ಲವೆ? ಕೆ.ಆರ್. ಪೇಟೆಯ ಮಗ್ಗುಲಲ್ಲೇ ಇರುವ ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯವು ಹದಿಮೂರನೆಯ ಶತಮಾನದ ಹೊಯ್ಸಳ ತ್ರಿಕೂಟ, ಎಂದರೆ ಮೂರು ಗರ್ಭಗುಡಿಗಳು ಒಂದೇ ನವರಂಗಕ್ಕೆ ತೆರೆದುಕೊಳ್ಳುವ ರಚನೆ. ಜಗತಿಯ ಮೇಲೆ, ಅಂದರೆ ಗುಡಿಯನ್ನು ಸುತ್ತುವರಿದ ಎತ್ತರದ ಕಲ್ಲುಕಟ್ಟೆಯ ಮೇಲೆ ನಿಂತರೆ ಆನೆ, ಕುದುರೆ, ಬಳ್ಳಿ, ಅದರ ಮೇಲೆ ರಾಮಾಯಣ ಭಾರತ ಭಾಗವತಗಳ ಸಾಲು, ಆಮೇಲೆ ಮಕರ, ಹಂಸ. ಕಥೆಯ ಪಟ್ಟಿಕೆಯು ದೊಡ್ಡವರ ಸೊಂಟದ ಎತ್ತರಕ್ಕೂ ಮಗುವಿನ ಕಣ್ಣಿನ ಎತ್ತರಕ್ಕೂ ಬರುವುದರಿಂದ, ಆ ಶಿಲ್ಪಿಗಳು ಯಾರನ್ನು ಓದುಗರೆಂದು ಭಾವಿಸಿದ್ದರೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಹೀಗಿದ್ದೂ 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿ ಹೊಸಹೊಳಲನ್ನು ಹೊರಗೆ ನಿಲ್ಲಿಸಿತು.

ನಾಲೆ: ಇದರಲ್ಲಿ ಪ್ರಶ್ನೆ ಯಾವುದು?

ಪ್ರಶ್ನೆ: ಕರೆದೊಯ್ಯಬಹುದೆ, ಇಲ್ಲವೆ?

ನಾಲೆ: ಆ ಕಡೆಗೆ ಸದರಿ ನಾಲೆಯು ಹರಿಯುವುದಿಲ್ಲ. ಕೆ.ಆರ್. ಪೇಟೆ, ನಾಗಮಂಗಲಗಳ ವಿಚಾರವನ್ನು ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ಬರುವ ಹೇಮಾವತಿ ಎಡದಂಡೆ ನಾಲೆಯನ್ನು ಕೇಳುವುದು ಒಳ್ಳೆಯದು. ಅದಾದರೂ ನಾಗಮಂಗಲದವರ ಪಾಲಿಗೆ ಬರುತ್ತೇನೆಂದು ಹೇಳಿ ದಾರಿಯಲ್ಲೇ ಉಳಿಯುವ ನೆಂಟ. ಕೊನೆಯ ಭಾಗದ ಕೆರೆಗಳನ್ನು ಕೇಳಿದರೆ ತಿಳಿಯುತ್ತದೆ.

ಪ್ರಶ್ನೆ: ಲೋಹವಿಗ್ರಹಗಳ ಎರಕಕ್ಕೆ ಹೆಸರಾದ ನಾಗಮಂಗಲದಲ್ಲಿ ಮೇಣದ ಅಚ್ಚು ಕರಗಿ ಹೋಗಿ ಆ ಜಾಗದಲ್ಲಿ ಲೋಹ ನಿಲ್ಲುವುದನ್ನು ಮಗುವಿಗೆ ತೋರಿಸಿದರೆ ಅದು ಯಾವ ಅಬಾಕಸ್ಸಿಗೂ ಕಡಿಮೆಯಲ್ಲ. ಮೇಲುಕೋಟೆ, ತೊಣ್ಣೂರು ಕೆರೆ, ಕುಂತಿಬೆಟ್ಟ, 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟು, ಇಷ್ಟೆಲ್ಲ ಕೈಯಳತೆಯಲ್ಲಿರುವಾಗ ಮಕ್ಕಳು ತಮ್ಮ ಬಳಿಗೇ ಬರುವುದೇಕೆ?

ನಾಲೆ: ಅಲ್ಲಿಗೆ ಹೋಗಲು ಬಸ್ಸಿನ ಕಾಸು ಬೇಕು, ಕರೆದೊಯ್ಯಲು ದೊಡ್ಡವರು ಬೇಕು. ಕಬ್ಬಿನ ಕೆಲಸಕ್ಕೆ ಹೋದ ತಂದೆಗೆ, ಗಾರ್ಮೆಂಟ್ಸಿನ ಬಸ್ಸು ಹತ್ತಿದ ತಾಯಿಗೆ ರಜೆಯಿಲ್ಲ. ಬೆಂಗಳೂರಿನಿಂದ ಅಜ್ಜಿಯ ಮನೆಗೆಂದು ಬಂದ ಮಕ್ಕಳಿಗಾದರೋ ಮೊಣಕಾಲುದ್ದಕ್ಕಿಂತ ಹೆಚ್ಚಿನ ನೀರಿನ ಪರಿಚಯವೇ ಇಲ್ಲ. ಆದರೂ ಕಾರಂಜಿ ಕಂಡರೆ ಕೈಯಾಡಿಸಬಾರದೆಂದು ಸೀಟಿ ಊದುವವನೊಬ್ಬನು ಅಲ್ಲಿದ್ದಾನೆ, ಸದರಿ ನಾಲೆಯ ಮೇಲೆ...

ಪ್ರಶ್ನೆ: ಕಾರಂಜಿಯನ್ನು ಬದಿಗಿಡಬಹುದೆ? ನಾಲೆಯ ಬದಿಯಲ್ಲಿ 'ಈಜುವುದನ್ನು ನಿಷೇಧಿಸಲಾಗಿದೆ' ಎಂಬ ಫಲಕಗಳು ಇವೆಯಲ್ಲ?

ನಾಲೆ: ಇವೆ. ಇನ್ನೂ ಓದಲು ಕಲಿಯದ ಮಗುವು ನೀರಿಗಿಳಿದ ಮೇಲೆ ಓದಲೆಂದೇ ಅವನ್ನು ನೆಟ್ಟಿರಬೇಕು. ಪ್ರವಾಸಿಗರು ಜಲಪಾತವೆಂದು ಕರೆಯುವ, ವಾಸ್ತವದಲ್ಲಿ ಹಿಂದಿನವರು ನಾಲೆಗೆ ನೀರು ತಿರುಗಿಸಲೆಂದು ಕಟ್ಟಿದ ಒಡ್ಡಾಗಿರುವ ಬಲಮುರಿಯಲ್ಲಿಯೂ ಅಂಥ ಫಲಕವುಂಟು. ಅದಕ್ಕೆ ಒರಗಿಕೊಂಡು ರೀಲ್ಸ್ ಮಾಡುವವರೂ ಉಂಟು.

ಇಲ್ಲಿ ಒಂದು ವಿವರಣೆ ಅಗತ್ಯ. ನಾಲೆಯಲ್ಲಿ ಬೇಸಿಗೆಯ ಉದ್ದಕ್ಕೂ ನೀರು ಸಮನಾಗಿ ಹರಿಯುವುದಿಲ್ಲ. ಜಲಾಶಯದ ಮಟ್ಟ ಇಳಿದಾಗ, ನಿಂತ ಬೆಳೆಯನ್ನು ಉಳಿಸಲೆಂದು ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕ್ರಮವಿದ್ದು, ಅದಕ್ಕೆ ಕಟ್ಟು ಪದ್ಧತಿಯೆಂದೂ ಹಾಗೆ ಬಂದ ನೀರಿಗೆ ಕಟ್ಟು ನೀರೆಂದೂ ಹೆಸರು. ನಿನ್ನೆ ತಳ ಕಾಣುತ್ತಿದ್ದ, ಮಕ್ಕಳು ಕ್ರಿಕೆಟ್ಟು ಆಡಿದ ನಾಲೆಯು ಇಂದು ಬೆಳಗ್ಗೆ ಏರಿಯ ಅಂಚಿನವರೆಗೆ ತುಂಬಿ ಹರಿಯುವುದು ಇದರಿಂದಲೇ. ಎರಡನೆಯದಾಗಿ, ಆಧುನೀಕರಣದ ಹೆಸರಿನಲ್ಲಿ ಮಣ್ಣಿನ ಇಕ್ಕೆಲಗಳಿಗೆ ಕಾಂಕ್ರೀಟು ಹೊದಿಸಲಾಗಿದ್ದು, ಸೋರಿಕೆಯನ್ನು ತಡೆಯುವ ಆ ಇಳಿಜಾರು ನುಣುಪಾಗಿರುವ ಕಾರಣ ನೀರಿನ ವೇಗವನ್ನೂ ಹೆಚ್ಚಿಸುತ್ತದೆ. ಪಾಚಿ ಕಟ್ಟಿದ ಮೇಲಂತೂ ಹಿಡಿಯಲು ಹುಲ್ಲಿನ ಗರಿಕೆಯಾಗಲಿ ಬೇರಿನ ತುದಿಯಾಗಲಿ ಸಿಕ್ಕುವುದಿಲ್ಲ. ಮೊದಲು ಜಾರಿದ ಮಗುವನ್ನು ಎತ್ತಲು ಅಣ್ಣನೋ ಅಕ್ಕನೋ ಇಳಿಯುವುದರಿಂದಲೇ ನಾಲೆಯಲ್ಲಿ ಮುಳುಗಿದ ಮಕ್ಕಳ ಸುದ್ದಿಗಳಲ್ಲಿ ಒಂದೇ ಮನೆಯ ಇಬ್ಬರ, ಮೂವರ ಹೆಸರು ಒಟ್ಟಿಗೆ ಬರುತ್ತವೆ. ಹಿಂದೆ ಬೆನ್ನಿಗೆ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಸೋದರಮಾವನು ದಡದಲ್ಲಿ ನಿಂತು ಕಲಿಸುತ್ತಿದ್ದ ಈಜು ನಿಂತ ನೀರಿನದು, ಬಾವಿಯದು. ಆ ಬಾವಿಗಳು ಬತ್ತಿ ಬೋರ್‌ವೆಲ್ಲುಗಳಾಗಿವೆ, ಮಾವಂದಿರು ಬೆಂಗಳೂರಿನಲ್ಲಿದ್ದಾರೆ.

ಪ್ರಶ್ನೆ: ಏರಿಯ ಮೇಲಿನ ರಸ್ತೆಗಳ ತಡೆಗೋಡೆಯ ವಿಷಯದಲ್ಲಿ...

ನಾಲೆ: 2018ರ ನವೆಂಬರ್ 24, ಶನಿವಾರ. ಪಾಂಡವಪುರದಿಂದ ಮಂಡ್ಯಕ್ಕೆ ಹೊರಟ ಖಾಸಗಿ ಬಸ್ಸು ಕನಗನಮರಡಿಯ ಬಳಿ ಏರಿಯಿಂದ ಉರುಳಿತು. ಅಲ್ಲಿ ತಡೆಗೋಡೆ ಇರಲಿಲ್ಲ. 30 ಮಂದಿ ಸತ್ತರು. ಶನಿವಾರವಾದುದರಿಂದ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳು ಅದರಲ್ಲಿದ್ದರು, ಅವರ ಚೀಲಗಳೂ ಊಟದ ಡಬ್ಬಿಗಳೂ ಒದ್ದೆಯಾದ ಪುಸ್ತಕಗಳೂ ಇದ್ದವು. ಅದೇ ರಾತ್ರಿ ಮಂಡ್ಯದ ನಟ, ರಾಜಕಾರಣಿ ಅಂಬರೀಶರು ತೀರಿಕೊಂಡುದರಿಂದ ನಾಡಿನ ಕಣ್ಣು ಅತ್ತ ತಿರುಗಿತು. ಅದು ಯಾರ ತಪ್ಪೂ ಅಲ್ಲ. ಆದರೆ ಮಾರನೆಯ ದಿನ ಇತ್ತು, ಮಾರನೆಯ ವರ್ಷ ಇತ್ತು. 2023ರ ಜುಲೈಯಲ್ಲಿಯೂ ನವೆಂಬರಿನಲ್ಲಿಯೂ ಇದೇ ನೀರಿಗೆ ಕಾರುಗಳು ಉರುಳಿ ಜನ ಸತ್ತರು. ಪ್ರತಿ ಸಲವೂ ಮಂತ್ರಿಗಳು ಬಂದರು, ಪರಿಹಾರ ಘೋಷಿಸಿದರು, ತಡೆಗೋಡೆಯ ಮಾತಾಡಿದರು. ಎಲ್ಲಿ ಹೆಣ ಎತ್ತಿದರೋ ಅಲ್ಲಿಗೆ ಗೋಡೆ ಕಟ್ಟುವುದನ್ನು ಯೋಜನೆಯೆಂದು ಕರೆಯಬಹುದೆ? ನಾಲೆ ಇರುವುದು ಗದ್ದೆಗೆ ನೀರು ಹಾಯಿಸಲು. ಮಕ್ಕಳನ್ನು ತೆಗೆದುಕೊಳ್ಳಲು ಅಲ್ಲ.

ಇದಾದ ಮೇಲೆ ಕೆಲಹೊತ್ತು ಪ್ರಶ್ನೆಗಳನ್ನು ಕೇಳಲಾಗಲಿಲ್ಲ. ಹೊಸಹೊಳಲಿನ ವಿಚಾರವನ್ನು ಮತ್ತೆ ಎತ್ತುವುದು ಸಂದರ್ಶನದ ಕ್ರಮಪತ್ರದಲ್ಲಿತ್ತಾದರೂ ಅದನ್ನು ಕೈಬಿಡಲಾಯಿತು.

ಪ್ರಶ್ನೆ: ಹಾಗಾದರೆ ಈ ರಜೆಯಲ್ಲಿ ಮಾಡಬೇಕಾದುದೇನು?

ನಾಲೆ: ಕಟ್ಟು ನೀರು ಬಿಡುವ ದಿನಾಂಕವನ್ನು ಮೊದಲೇ ನಿರ್ಧರಿಸುತ್ತಾರೆ, ರೈತರಿಗೆ ಪ್ರಕಟಣೆಯಲ್ಲಿ ತಿಳಿಸುತ್ತಾರೆ. ಕಬ್ಬಿಗೆ ತಿಳಿದಿರುವ ಆ ದಿನಾಂಕ ಐದನೆಯ ತರಗತಿಯ ಮಗುವಿಗೆ ತಿಳಿಯಕೂಡದೆಂಬ ನಿಯಮ ಯಾವ ಕಡತದಲ್ಲಿಯೂ ಸದರಿ ನಾಲೆಯ ಕಣ್ಣಿಗೆ ಬಿದ್ದಿಲ್ಲ. ಬೃಂದಾವನದ ಕಾರಂಜಿಯ ಸಮಯವನ್ನಾದರೋ ಎಲ್ಲ ಕಡೆ ಬರೆದು ಹಾಕಿರುತ್ತಾರೆ!

ನಾಲೆಯ ಹಳೆಯ ಮುನಿಸು ಏನೇ ಇರಲಿ, ಅದರ ಈ ಬೇಡಿಕೆಗೆ ಹೊಸ ಯೋಜನೆಯೂ ಬೇಡ, ದೊಡ್ಡ ಅನುದಾನವೂ ಬೇಡ. ಗ್ರಾಮ ಪಂಚಾಯತಿಗಳ ಅರಿವು ಕೇಂದ್ರಗಳು, ಎಂದರೆ ಹಳ್ಳಿಯ ಗ್ರಂಥಾಲಯಗಳು, ಮಕ್ಕಳನ್ನು ಕಲೆಹಾಕುವ ಕೆಲಸವನ್ನು ಈಗಾಗಲೇ ಮಾಡುತ್ತಿವೆ. ನೀರು ಬಿಡುವ ವೇಳಾಪಟ್ಟಿಯ ಒಂದು ಪ್ರತಿಯನ್ನು ನೀರಾವರಿ ಇಲಾಖೆಯು ಆ ಕೇಂದ್ರಗಳಿಗೂ ನಾಲೆಯ ಬದಿಯ ಪ್ರತಿಯೊಂದು ಶಾಲೆಗೂ ಕಳುಹಿಸಬೇಕು. ನೀರು ಹರಿಯುವ ದಿನಗಳಲ್ಲಿ ಮಕ್ಕಳ ಚಟುವಟಿಕೆಗಳನ್ನು ಆ ಕೇಂದ್ರಗಳಲ್ಲಿಯೇ ಇಟ್ಟುಕೊಳ್ಳಬೇಕು. ಏರಿಯ ರಸ್ತೆಗೆ ಸಾವಿಗಿಂತ ಮೊದಲು ತಡೆಗೋಡೆ ಬರಬೇಕು. ಅಲ್ಲಿಯವರೆಗೆ ಶ್ರೀರಂಗಪಟ್ಟಣ, ಪಾಂಡವಪುರಗಳ ಪಾಲಕರು ಬೇಸಿಗೆ ಶಿಬಿರದ ಶುಲ್ಕ ಕೇಳುವ ಮುನ್ನ ನಾಲೆಗೆ ನೀರು ಬಿಡುವುದು ಯಾವತ್ತೆಂದು ಸೌಡಿಯನ್ನು, ಎಂದರೆ ನೀರು ಹಂಚುವ ನೌಕರನನ್ನು, ಕೇಳಿ ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕೆಂದು ಕೋರಲಾಗಿದೆ.