ಓಸಿಐ ಅಣ್ಣಯ್ಯ: ಒಂದು ಲಕ್ಷಣ ವಿವೇಚನೆ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಡಿಸೆಂಬರ್ ಕೊನೆಯ ವಾರದಿಂದ ಸಂಕ್ರಾಂತಿಯವರೆಗೂ, ಮತ್ತೆ ಅಮೆರಿಕದ ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟಾಗಲೂ ಯಥೇಚ್ಛವಾಗಿ ಕಾಣಸಿಗುವ ಒಂದು ಮನುಷ್ಯ ವರ್ಗವನ್ನು ಊರಿನವರು ‘ಅಮೆರಿಕದ ಅಣ್ಣಯ್ಯ’ ಎಂಬ ಒಂದೇ ಹೆಸರಿನಲ್ಲಿ ಕರೆದು ಮುಗಿಸುತ್ತಾರಾದರೂ, ಶಾಸ್ತ್ರೀಯ ದೃಷ್ಟಿಯಿಂದ ಅದರಲ್ಲಿ ಎರಡು ಪ್ರಭೇದಗಳನ್ನು ಗುರುತಿಸುವುದು ಅವಶ್ಯ. ಗ್ರೀನ್ ಕಾರ್ಡ್ ಪಡೆದೂ ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡವನು ಮೊದಲನೆಯ ಪ್ರಭೇದ; ಊರಿಗೆ ಬರುವಾಗ ಕಸ್ಟಮ್ಸ್‌ನವರ ಹೊರತು ಇನ್ನಾರಿಗೂ ಹೆದರಬೇಕಾಗಿಲ್ಲದ ಕಾರಣ ಅವನಲ್ಲಿ ಹಾಸ್ಯಕ್ಕೆ ಒದಗುವ ಸಾಮಗ್ರಿ ಕಡಿಮೆ. ಅಮೆರಿಕದ ಪೌರನಾಗಿ, ಕಡುನೀಲಿ ಪಾಸ್‌ಪೋರ್ಟ್ ಹಿಡಿದು, ಹುಟ್ಟಿದ ಮನೆಗೆ ಬರಲು ಓಸಿಐ ಕಾರ್ಡನ್ನು ನೆಚ್ಚಿಕೊಂಡವನು ಎರಡನೆಯ ಪ್ರಭೇದ, ಮತ್ತು ಇಲ್ಲಿ ಅವನೊಬ್ಬನದೇ ವಿಚಾರ.

ಈ ಅಣ್ಣಯ್ಯನ ಸ್ವಭಾವ ಅರ್ಥವಾಗಬೇಕಾದರೆ ಅವನ ಕಾನೂನಿನ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. 1955ರ ಪೌರತ್ವ ಕಾಯ್ದೆಯ 9ನೆಯ ಕಲಮಿನಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವನ ಭಾರತೀಯ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. ಇದಕ್ಕೆ ರಾಜೀನಾಮೆ ಪತ್ರವೂ ಬೇಡ, ಬೀಳ್ಕೊಡುಗೆ ಸಮಾರಂಭವೂ ಇಲ್ಲ. ಬಳಿಕ ಹಳೆಯ ಭಾರತೀಯ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸಿ, ರದ್ದಾಯಿತೆಂದು ಮುದ್ರೆ ಹಾಕಿಸಿಕೊಂಡು, ‘ಸರೆಂಡರ್ ಸರ್ಟಿಫಿಕೇಟ್’ ಎಂಬ ಪ್ರಮಾಣಪತ್ರ ಪಡೆಯಬೇಕು. ಹೀಗೆ ಪರದೇಶಿಯಾದವನು ಪ್ರತಿ ಸಲವೂ ವೀಸಾಕ್ಕೆ ಕೈಚಾಚುವುದನ್ನು ತಪ್ಪಿಸಲೆಂದು 2005ರಲ್ಲಿ ಆರಂಭವಾದದ್ದೇ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’, ಅಂದರೆ ಓಸಿಐ ಯೋಜನೆ. ಇದಕ್ಕೂ ಮೊದಲು, 1999ರಿಂದ ಚಾಲ್ತಿಯಲ್ಲಿದ್ದ ಪಿಐಓ, ಅಂದರೆ ‘ಪರ್ಸನ್ ಆಫ್ ಇಂಡಿಯನ್ ಒರಿಜಿನ್’ ಕಾರ್ಡನ್ನು 2015ರ ಜನವರಿ 9ರಂದು ಇದರಲ್ಲೇ ವಿಲೀನಗೊಳಿಸಲಾಯಿತು. ಹೆಸರಿನಲ್ಲಿ ಸಿಟಿಜನ್ ಎಂದಿದ್ದರೂ ಇದು ಪೌರತ್ವವಲ್ಲ, ಎಷ್ಟು ಸಲವಾದರೂ ಬಂದು ಹೋಗಲು ಅನುಮತಿಸುವ ಆಜೀವ ವೀಸಾ ಎಂಬುದನ್ನು ಅಣ್ಣಯ್ಯ ಬಂದವರಿಗೆಲ್ಲ ತಾಳ್ಮೆಯಿಂದ ವಿವರಿಸುತ್ತಾನೆ, ಆದರೆ ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತ ಅವನ ತಾಯಿಯ ಪ್ರಶ್ನೆಗೆ ಮಾತ್ರ ಯಾವ ಕಾಯ್ದೆಯಲ್ಲೂ ಉತ್ತರವಿಲ್ಲ: “ನಮ್ಮಟ್ಟಿಗೆ ಬರಾಕೆ ನಿಂಗೆ ಚೀಟಿ ಕೊಡಾಕೆ ಅವರ್ಯಾರ್ಲಾ ಮಗಾ?”

ಅಣ್ಣಯ್ಯನ ಬಾಹ್ಯ ಲಕ್ಷಣಗಳಲ್ಲಿ ಪ್ರಧಾನವಾದದ್ದು ಒಂದು ಜಿಪ್ಪಿನ ಫೈಲು. ಅದರಲ್ಲಿ ಹೊಸ ಪಾಸ್‌ಪೋರ್ಟ್, ಅದರ ಹಿಂದಿನ ಪಾಸ್‌ಪೋರ್ಟ್, ಮೂಲೆ ಕತ್ತರಿಸಿದ ಭಾರತೀಯ ಪಾಸ್‌ಪೋರ್ಟ್, ಸರೆಂಡರ್ ಸರ್ಟಿಫಿಕೇಟ್, ಮನೆಮಂದಿಯ ಓಸಿಐ ಕಾರ್ಡುಗಳು ಮತ್ತು ಇವೆಲ್ಲದರ ಎರಡೆರಡು ಜೆರಾಕ್ಸ್ ಪ್ರತಿಗಳು ಇರುತ್ತವೆ. ಹಿಂದೆ ಓಸಿಐ ಪಡೆದವರ ಪಾಸ್‌ಪೋರ್ಟಿನಲ್ಲಿ ‘ಯು’ ವೀಸಾ ಎಂಬ ಚೀಟಿಯನ್ನು ಅಂಟಿಸುವ ಪದ್ಧತಿ ಇದ್ದುದರಿಂದ, ಪಾಸ್‌ಪೋರ್ಟ್ ಅವಧಿ ಮುಗಿದರೂ ಆ ಚೀಟಿಯ ಸಲುವಾಗಿ ಹಳೆಯದನ್ನೂ ಹೊತ್ತು ತಿರುಗಬೇಕಾಗಿತ್ತು. ಆ ಪದ್ಧತಿ ನಿಂತು ವರ್ಷಗಳೇ ಕಳೆದಿದ್ದರೂ, ಸೂತಕ ಕಳೆದ ಮೇಲೂ ಮೈಲಿಗೆಯ ಭಯ ಹೋಗದವರಂತೆ, ಅಣ್ಣಯ್ಯ ಹಳೆಯ ಪಾಸ್‌ಪೋರ್ಟನ್ನು ಇನ್ನೂ ಫೈಲಿನಿಂದ ತೆಗೆದಿಲ್ಲ. ಈ ಭಯವನ್ನು ನಿರಾಧಾರವೆಂದು ತಳ್ಳಿಹಾಕುವಂತೆಯೂ ಇಲ್ಲ. ಆಜೀವ ವೀಸಾ ಎಂದು ನಂಬಿಕೊಂಡಿದ್ದ ಈ ಸೌಲಭ್ಯವನ್ನು ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 13ರಿಂದ, ಸರ್ಕಾರ ತಾತ್ಕಾಲಿಕವಾಗಿ ತಡೆಹಿಡಿದಾಗ, ಅವನಿಗೂ ಭಾರತವನ್ನು ಒಮ್ಮೆಯೂ ನೋಡದ ಅವನ ಪಕ್ಕದ ಮನೆಯ ಅಮೆರಿಕನ್ನನಿಗೂ ಇದ್ದ ಅಂತರ ಬಹುಮಟ್ಟಿಗೆ ಅಳಿಸಿಹೋಗಿತ್ತು. ಅಂದಿನಿಂದ ಅವನು ಬೆಳಗ್ಗೆ ಎದ್ದು ಮೊದಲು ನೋಡುವುದು ಗೃಹ ಸಚಿವಾಲಯದ ಪ್ರಕಟಣೆಯನ್ನು, ಆಮೇಲೆ ದೇವರ ಪಟವನ್ನು.

ಫೈಲಿನ ಒಳಗಿನ ಕಾಗದಗಳು ಪರಸ್ಪರ ಒಪ್ಪುವಂತೆ ಮಾಡುವುದು ಅಣ್ಣಯ್ಯನ ಜೀವಮಾನದ ಕೃಷಿ. ಹಳೆಯ ಮೈಸೂರು ಸೀಮೆಯಲ್ಲಿ ಮನೆತನದ ಹೆಸರಿನ ರೂಢಿ ಅಷ್ಟಾಗಿ ಇಲ್ಲದೆ, ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು, ಅಂದರೆ ಇನಿಷಿಯಲ್ಲುಗಳನ್ನು, ಇಡುವುದು ವಾಡಿಕೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲುಗಳಿಗೆ ಅವಕಾಶವಿಲ್ಲದೆ ಅವುಗಳನ್ನು ಬಿಡಿಸಿ ಬರೆಯಬೇಕಾದಾಗ, ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನ ಹಾಜರಾತಿ ಪುಸ್ತಕದಲ್ಲಿ ಎರಡಕ್ಷರ ಹೊತ್ತು ಹಾಯಾಗಿದ್ದವನು ಇದ್ದಕ್ಕಿದ್ದಂತೆ ಊರು, ತಂದೆ, ತಾನು ಎಂಬ ಮೂರು ಹೆಸರುಗಳ ಒಡೆಯನಾಗುತ್ತಾನೆ. ಅವುಗಳಲ್ಲಿ ಯಾವುದು ಕೊನೆಯ ಹೆಸರಾಗಬೇಕೆಂಬುದು ಅರ್ಜಿ ತುಂಬಿದ ದಿನದ ಗಡಿಬಿಡಿಯಲ್ಲಿ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದಲೇ ವಿಮಾನ ನಿಲ್ದಾಣದ ಧ್ವನಿವರ್ಧಕದಲ್ಲಿ ‘ಮಿಸ್ಟರ್ ನಾಗಮಂಗಲ’ ಎಂದು ಕೂಗಿದಾಗ ಎದ್ದು ನಿಲ್ಲುವವರಿದ್ದಾರೆ. ಅಜ್ಜನ ಹೆಸರನ್ನೇ ಉಪನಾಮವಾಗಿ ಪಡೆದು, ಅಮೆರಿಕದ ಶಾಲೆಯಲ್ಲಿ ಅದರ ಉಚ್ಚಾರಣೆಗಾಗಿ ಮೇಷ್ಟರೊಡನೆ ದಿನವೂ ಹೋರಾಡುವ ಮೊಮ್ಮಕ್ಕಳೂ ಇದ್ದಾರೆ. ಓಸಿಐ ಅರ್ಜಿಗೆ ಮೂಲದ ಪುರಾವೆಯಾಗಿ ಹಳೆಯ ಪಾಸ್‌ಪೋರ್ಟೋ, ಜನನ ಪ್ರಮಾಣಪತ್ರವೋ, ಶಾಲೆಯ ದಾಖಲೆಯೋ ಬೇಕಾಗುವುದರಿಂದ, ಅಂಕಪಟ್ಟಿಯಲ್ಲಿ ಒಂದು, ಮದುವೆ ನೋಂದಣಿಯಲ್ಲಿ ಇನ್ನೊಂದು, ನೀಲಿ ಪಾಸ್‌ಪೋರ್ಟಿನಲ್ಲಿ ಮತ್ತೊಂದು ಹೆಸರಿರುವ ಈ ಮೂವರೂ ಒಬ್ಬನೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡುವ ಅಫಿಡವಿಟ್ಟಿನೊಂದಿಗೆ ಅಣ್ಣಯ್ಯನ ಆತ್ಮಜ್ಞಾನ ಪೂರ್ಣವಾಗುತ್ತದೆ.

ಅಣ್ಣಯ್ಯನ ಮಗ ಅಮೆರಿಕದಲ್ಲೇ ಹುಟ್ಟಿದ, ಭಾರತದ ಮೂಲವಿಲ್ಲದವಳನ್ನು ಮದುವೆಯಾದಾಗ ಶಾಸ್ತ್ರದ ಇನ್ನೊಂದು ಅಧ್ಯಾಯ ತೆರೆಯುತ್ತದೆ. ಪತಿ ಅಥವಾ ಪತ್ನಿಯ ನೆಲೆಯಲ್ಲಿ ಓಸಿಐ ಪಡೆಯಲು ಮದುವೆ ನೋಂದಣಿಯಾಗಿ ಕನಿಷ್ಠ 2 ವರ್ಷ ನಡೆದಿರಬೇಕು. ಅಲ್ಲಿಯವರೆಗೆ ಸೊಸೆ ಇ-ವೀಸಾದ ಮೇಲೆ ಬರುತ್ತಾಳೆ. ಅಂತರಜಾಲದಲ್ಲೇ ಅರ್ಜಿ ಹಾಕಿ ಪಡೆಯುವ ಈ ವೀಸಾವನ್ನು ಭಾರತ 2014ರ ನವೆಂಬರ್‌ನಲ್ಲಿ ಆರಂಭಿಸಿತು. ಅರ್ಜಿಯಲ್ಲಿ ಧರ್ಮ, ಮೈಮೇಲಿನ ಗುರುತು, ತಂದೆತಾಯಿಯರ ಜನ್ಮಸ್ಥಳ ಇವುಗಳ ಜೊತೆಗೆ ಅಜ್ಜ-ಅಜ್ಜಿಯರು ಪಾಕಿಸ್ತಾನದ ಪ್ರಜೆಗಳಾಗಿದ್ದರೇ ಎಂದೂ, ಭಾರತದಲ್ಲಿ ಪರಿಚಿತರಾರು ಎಂದೂ ಕೇಳಲಾಗುತ್ತದೆ. ಪರಿಚಿತರ ಅಂಕಣದಲ್ಲಿ ಕೆ.ಆರ್. ಪೇಟೆಯ ಅಜ್ಜಿಯ ಹೆಸರು ಮತ್ತು ಫೋನ್ ನಂಬರು ದಾಖಲಾಗುತ್ತವೆ; ಅಪರಿಚಿತ ನಂಬರಿನಿಂದ ಕರೆ ಬಂದರೆ ಬ್ಯಾಂಕಿನ ಮೋಸಗಾರರೆಂದು ತಿಳಿದು ಬೈದು ಇಡುವುದು ಅಜ್ಜಿಯ ನಿಯಮವೆಂಬ ವಿಷಯ ವೀಸಾ ಕೊಡುವವರಿಗೆ ಗೊತ್ತಿಲ್ಲ. ಸೊಸೆ ಶ್ರೀರಂಗಪಟ್ಟಣದ ಹೋಂಸ್ಟೇಯಲ್ಲಿ ಉಳಿದರೆ, ವಿದೇಶಿ ಅತಿಥಿಯ ವಿವರಗಳನ್ನು 24 ಗಂಟೆಯೊಳಗೆ ತಿಳಿಸುವ ನಮೂನೆಯನ್ನು ಅಲ್ಲಿಯವರು ಸಲ್ಲಿಸಬೇಕು, ಮತ್ತು ಅಣ್ಣಯ್ಯ ಪಕ್ಕದಲ್ಲೇ ನಿಂತು ಅದನ್ನು ತುಂಬಿಸುತ್ತಾನೆ.

ಈ ಸೀಮೆಯ ಇತಿಹಾಸ ಬಲ್ಲವರಿಗೆ ಇದೆಲ್ಲ ತುಸು ವಿಚಿತ್ರವಾಗಿ ಕಾಣುವುದು ಸಹಜ. ತಮಿಳು ನಾಡಿನಿಂದ ಬಂದ ರಾಮಾನುಜಾಚಾರ್ಯರು ತೊಣ್ಣೂರಿನಲ್ಲೂ ಮೇಲುಕೋಟೆಯಲ್ಲೂ ನೆಲೆಸಿದಾಗ ಅವಧಿ ವಿಸ್ತರಣೆಗೆ ಯಾರಿಗೂ ಅರ್ಜಿ ಹಾಕಿರಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಹಿರೋಡೆಯಲ್ಲಿ ಬೀಡುಬಿಟ್ಟ ಪರಿಣಾಮವಾಗಿ ಆ ಊರಿಗೆ ಬ್ರಿಟಿಷರ ಕಾಲದಲ್ಲಿ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೇ ಬಿದ್ದಿತ್ತು. ಇಂದಿನ ಪಾಂಡವಪುರ ಅದೇ. ಪಾಂಡವರ ಹೆಸರಿಟ್ಟುಕೊಂಡ ಊರು ಒಂದು ಕಾಲಕ್ಕೆ ಫ್ರೆಂಚರ ಹೆಸರಿನಲ್ಲಿ ಮೆರೆದದ್ದನ್ನು ನೋಡಿದರೆ, ಊರುಗಳೂ ಅಫಿಡವಿಟ್ ಮಾಡಿಸಬೇಕಾದೀತು. ಟಿಪ್ಪು 1787ರಲ್ಲಿ 16ನೆಯ ಲೂಯಿಯ ಆಸ್ಥಾನಕ್ಕೆ ಕಳಿಸಿದ ರಾಯಭಾರಿಗಳಿಗೆ ಪತ್ರ, ಕಾಣಿಕೆ, ಪರಿವಾರ ಇದ್ದವು, ವೀಸಾ ಇರಲಿಲ್ಲ. ಕಾಯ್ದೆಗಳ ಕಾಲ ಬಂದದ್ದು ಆಮೇಲೆ. ವಿದೇಶಿಯರ ಬಗೆಗಿನ 1920, 1939, 1946 ಮತ್ತು 2000ದ ನಾಲ್ಕು ಕಾಯ್ದೆಗಳನ್ನು ರದ್ದುಪಡಿಸಿ, 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಒಂದೇ ಕಾಯ್ದೆ ಜಾರಿಗೆ ಬಂದಾಗ, ನಾಲ್ಕನ್ನೂ ಬಾಯಿಪಾಠ ಮಾಡಿದ್ದ ಅಣ್ಣಯ್ಯ ಓದಿದ ಸಿಲಬಸ್ ಬದಲಾದ ವಿದ್ಯಾರ್ಥಿಯಂತೆ ನೊಂದನು.

ಅಣ್ಣಯ್ಯನ ಪಾಂಡಿತ್ಯ ಪೂರ್ಣಪ್ರಕಾಶಕ್ಕೆ ಬರುವ ಸ್ಥಳ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಟಿಕೆಟ್ ಕೌಂಟರು. 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಪ್ರಸಿದ್ಧ ಚಿತ್ರವಿದ್ದರೂ, ಅಣ್ಣಯ್ಯನ ಯುದ್ಧ ಕೌಂಟರಿನಲ್ಲೇ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಪುರಾತತ್ವ ಇಲಾಖೆಯ ದರದಂತೆ ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300 ರೂಪಾಯಿ. ಅಣ್ಣಯ್ಯನ ಮಗಳು ಬಾಯಿ ತೆರೆದು ಒಂದು ಮಾತಾಡಿದ್ದೇ ತಡ, ಕೌಂಟರಿನವನು 300ರ ಟಿಕೆಟಿಗೆ ಕೈಹಾಕುತ್ತಾನೆ. ಆಗ ಅಣ್ಣಯ್ಯ ಫೈಲಿನ ಜಿಪ್ಪೆಳೆದು, ಓಸಿಐ ಕಾರ್ಡನ್ನು ತೆಗೆದು, ಸ್ಮಾರಕ, ವಸ್ತುಸಂಗ್ರಹಾಲಯ, ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳ ಪ್ರವೇಶ ಶುಲ್ಕದಲ್ಲಿ ಓಸಿಐದಾರರಿಗೂ ಭಾರತೀಯರಿಗೂ ಸಮಾನತೆ ಉಂಟೆಂದು ಸಾರುವ 2021ರ ಮಾರ್ಚ್ 4ರ ಅಧಿಸೂಚನೆಯ ಪ್ರತಿಯನ್ನು ಬಿಚ್ಚುತ್ತಾನೆ. ಹಿಂದೆ ಸಾಲು ಬೆಳೆಯುತ್ತದೆ. ಶಾಲಾ ಪ್ರವಾಸದ ಮಕ್ಕಳು ಗಲಾಟೆ ಎಬ್ಬಿಸುತ್ತಾರೆ. ಕೊನೆಗೆ ಕೌಂಟರಿನವನು “ಓಗ್ಲಿ ಬುಡಿ ಸಾ” ಎಂದು 25ರ ಟಿಕೆಟನ್ನೇ ಹರಿದುಕೊಡುತ್ತಾನೆ. ತಲೆಗೆ 275 ರೂಪಾಯಿ ಉಳಿಯಿತು. ಅಮೆರಿಕದಲ್ಲಿ ಓಸಿಐ ಕಾರ್ಡಿಗೆ ಅವನು ತಲೆಗೆ ಕಟ್ಟಿದ ಶುಲ್ಕವೂ 275 ಆಗಿರುವುದು ಕಾಕತಾಳೀಯ, ಆದರೆ ಅದು ಡಾಲರುಗಳಲ್ಲಿ. ರಂಗನತಿಟ್ಟಿನಲ್ಲಿಯೂ ಇದೇ ವಾದ ಮಂಡನೆಯಾಗಿ, ಹಕ್ಕಿಗಳನ್ನು ನೋಡಲು ಹೊತ್ತು ಉಳಿಯುವುದಿಲ್ಲ.

ಅದೇ ಅಧಿಸೂಚನೆ ಓಸಿಐದಾರರು ಸಂಶೋಧನೆ, ಪತ್ರಿಕೋದ್ಯಮ, ಧರ್ಮಪ್ರಚಾರ, ಪರ್ವತಾರೋಹಣ ಮುಂತಾದವಕ್ಕೆ ವಿಶೇಷ ಅನುಮತಿ ಪಡೆಯಬೇಕೆಂದೂ ಹೇಳುವುದರಿಂದ, ತಮ್ಮನ ಮಕ್ಕಳು ಕುಂತಿಬೆಟ್ಟ ಹತ್ತೋಣವೆಂದಾಗ ಅಣ್ಣಯ್ಯ ತಪ್ಪಲಿನಲ್ಲೇ ನಿಂತು ಬಹಳ ಹೊತ್ತು ಯೋಚಿಸುವುದುಂಟು. “ದೊಡ್ಡಪ್ಪ, ಮಂಡಿನೋವು ಅಂತ ಯೋಳಿ, ಸಾಕು” ಎಂದು ಹುಡುಗರು ಮುಂದೆ ಹೋಗಿಬಿಡುತ್ತಾರೆ.

ಅಣ್ಣಯ್ಯನ ಬದುಕಿನ ನಿಜವಾದ ಸಂಕಟ ಮಾತ್ರ ಜಮೀನಿನದು. ಪಾಂಡವಪುರದ ವಿಶ್ವೇಶ್ವರಯ್ಯ ನಾಲೆಯ ಬದಿಯಲ್ಲಿ ಎರಡೆಕರೆ ಕೊಂಡು ತೆಂಗು ಹಾಕಬೇಕೆಂಬುದು ಅವನ ಬಹುದಿನದ ಹಂಬಲ; ಆದರೆ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಓಸಿಐದಾರನು ಮನೆ, ಸೈಟು ಕೊಳ್ಳಬಹುದೇ ಹೊರತು ಕೃಷಿಭೂಮಿ, ತೋಟ, ಫಾರ್ಮ್‌ಹೌಸ್‌ಗಳನ್ನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಹೊಂದಬಹುದು. ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ಹೋದ ಮೇಲೆ, ನೇಗಿಲನ್ನು ಸಿನಿಮಾದಲ್ಲಷ್ಟೇ ಕಂಡ ಬೆಂಗಳೂರಿನವನೂ ಇಲ್ಲಿ ಗದ್ದೆ ಕೊಳ್ಳಬಲ್ಲ. ಕಬ್ಬಿನ ಗದ್ದೆಯಲ್ಲೇ ಬೆಳೆದ ಅಣ್ಣಯ್ಯ ಕೊಳ್ಳಲಾರ. ಉಳಿದದ್ದು ಅಪ್ಪನ ಪಾಲು. ಅದರ ಮಾತೆತ್ತಿದೊಡನೆ, ಅದುವರೆಗೆ ಅವನ ಪಾಸ್‌ಪೋರ್ಟಿನ ಬಣ್ಣವನ್ನೇ ಗಮನಿಸದಿದ್ದ ತಮ್ಮನಿಗೆ ಹಠಾತ್ತನೆ ಪೌರತ್ವ ಕಾಯ್ದೆಯಲ್ಲಿ ಆಸಕ್ತಿ ಹುಟ್ಟುತ್ತದೆ: “ನೀನು ಅಲ್ಲಿಯೋನಾಗೋದೆ ಅಲ್ವೇನಣ್ಣ, ಪಾಣಿ ಯಾಕೆ?”

ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯವರಿಗಾದರೋ ಅವನು ಎಂದೆಂದಿಗೂ ಊರಿನವನೇ. ರಸೀದಿ ಪುಸ್ತಕ ಹಿಡಿದು ಅವರು ಜಗಲಿಯೇರಿದಾಗ ಅಣ್ಣಯ್ಯ ಇನ್ನೊಂದು ಕಾಯ್ದೆ ತೆರೆಯುತ್ತಾನೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಂತೆ, ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯ ಕಾಣಿಕೆ ಸಾಮಾನ್ಯ ಕಾಣಿಕೆ. ವಿದೇಶಿ ಪಾಸ್‌ಪೋರ್ಟಿನ ಓಸಿಐದಾರನದು ವಿದೇಶಿ ವಂತಿಗೆ, ಮತ್ತು ಕೇಂದ್ರ ಸರ್ಕಾರದಲ್ಲಿ ನೋಂದಣಿಯನ್ನೋ ಪೂರ್ವಾನುಮತಿಯನ್ನೋ ಪಡೆಯದ ಸಂಸ್ಥೆ ಅದನ್ನು ಸ್ವೀಕರಿಸುವಂತಿಲ್ಲ. ಈ ಮಾತು ಅಕ್ಷರಶಃ ನಿಜ. ಸಮಿತಿಯ ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡು, ಕಾಫಿ ಲೋಟ ಕೆಳಗಿಟ್ಟು, “ಕೊಡಾಕೆ ಮನಸಿಲ್ಲ ಅಂದ್ರೆ ಅಂಗೇ ಯೋಳಪ್ಪ, ಗೌರ್ಮೆಂಟ್ನ ಯಾಕೆ ಎಳ್ಕೊಂಡ್ ಬತ್ತೀಯೆ?” ಎನ್ನುತ್ತಾರೆ. ಅಣ್ಣಯ್ಯ ಕಾನೂನನ್ನು ಪಾಲಿಸಿ ಜಿಪುಣನೆನಿಸಿಕೊಳ್ಳುವ ಏಕೈಕ ಪ್ರಸಂಗ ಇದಾಗಿದ್ದು, ಉಳಿದ ಪ್ರಸಂಗಗಳಲ್ಲಿ ಜಿಪುಣತನಕ್ಕೆ ಬೇರೆ ಕಾರಣಗಳಿವೆ.

ಮತದಾನದ ಹಕ್ಕಾಗಲಿ, ಚುನಾವಣೆಗೆ ನಿಲ್ಲುವ ಅರ್ಹತೆಯಾಗಲಿ ಓಸಿಐದಾರನಿಗಿಲ್ಲ. ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸಿ ಬಂದ ದರ್ಶನ್ ಪುಟ್ಟಣ್ಣಯ್ಯ 2023ರಲ್ಲಿ ಮೇಲುಕೋಟೆ ಕ್ಷೇತ್ರದಿಂದ ಶಾಸಕರಾದ ಮೇಲೆ ಅಣ್ಣಯ್ಯನಿಗೂ ಆ ಬಗೆಯ ಕನಸು ಬಿದ್ದದ್ದುಂಟು. ಶಾಸಕನಾಗಲು ಭಾರತದ ಪೌರನಾಗಿರಬೇಕೆಂಬ ನಿಯಮವನ್ನು, ಎಲ್ಲ ನಿಯಮಗಳನ್ನೂ ಬಲ್ಲ ಅವನಿಗೆ, ಯಾರೂ ನೆನಪಿಸಬೇಕಾಗಲಿಲ್ಲ. ಆದುದರಿಂದ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಯಾರಿಗೆ ಓಟು ಹಾಕಬೇಕೆಂದು ವಿಡಿಯೋ ಕಾಲಿನಲ್ಲಿ ಮನೆಯವರಿಗೆ ಅಪ್ಪಣೆ ಕೊಡಿಸುವುದರಲ್ಲಿ ಅವನು ತೃಪ್ತನಾಗಿದ್ದಾನೆ. ಮನೆಯವರು ಹೂಂಗುಟ್ಟಿ ತಮಗೆ ಬೇಕಾದವರಿಗೆ ಹಾಕುತ್ತಾರೆ.

ಇಂಥ ಅಣ್ಣಯ್ಯನನ್ನು ಪಡೆದ ಮನೆಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಈಗ ಅಪರೂಪವೇನಲ್ಲ. ಅವನ ಮಕ್ಕಳು 20 ವರ್ಷ ದಾಟಿ ಹೊಸ ಪಾಸ್‌ಪೋರ್ಟ್ ಪಡೆದಾಗ ಓಸಿಐ ಕಾರ್ಡನ್ನು ಒಮ್ಮೆ ಹೊಸದಾಗಿ ಮಾಡಿಸಬೇಕಾಗುತ್ತದೆ. ಸೊಸೆಗೆ, ಮೊಮ್ಮಕ್ಕಳಿಗೆ ಅರ್ಜಿ ಹಾಕುವಾಗ ಅವನ ಮೂಲದ ಪುರಾವೆಯನ್ನು ಮತ್ತೆ ಕೇಳಬಹುದು. ಆದ್ದರಿಂದ ಅಟ್ಟದ ಮೇಲಿನ ಟ್ರಂಕಿನಲ್ಲಿರುವ ಅವನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆಯ ವರ್ಗಾವಣೆ ಪತ್ರ ಮತ್ತು ಅಪ್ಪನ ಹಳೆಯ ರೇಷನ್ ಕಾರ್ಡನ್ನು, ಸುಣ್ಣ ಬಳಿಸುವ ಸಡಗರದಲ್ಲಿ ರದ್ದಿಯವನಿಗೆ ಹಾಕದಂತೆ ಓದುಗರು ದಯವಿಟ್ಟು ತಮ್ಮ ಮನೆಯವರಿಗೆ ಹೇಳಿಡಬೇಕು.